ಅಪ್ಪನ ಕೋಟು, ಅಳಿಯನ ಅಳತೆ

ಶಶಿಪ್ರಭಾ ಮೊದಲು ಗುರುತಿಸಿದ್ದು ಕೋಟನ್ನು. ಅದನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತವನನ್ನು ಆಮೇಲೆ.

ಕಂದು ಉಣ್ಣೆಯ ಕೋಟು. ಅಪ್ಪನ ಕೋಟು...

ಹೊಲಿಗೆ ಮೆಷಿನ್ನಿನ ಮೇಲಿದ್ದ ಅವಳ ಕಾಲು ಹಾಗೆಯೇ ನಿಂತಿತು.

"ಇದನ್ನು ಬಿಚ್ಚಿ ನನ್ನ ಅಳತೆಗೆ ಮಾಡಿಕೊಡ್ಬೇಕಿತ್ತು," ಎಂದ ಸನತ್‌ಕುಮಾರ.

ಆರು ವರ್ಷದ ಮೇಲೆ ಕಂಡ ಮಾವನ ಮಗಳಿಗೆ ಆಡುವ ಮೊದಲ ಮಾತು ಇದೇ? ಹೇಗಿದ್ದೀ ಎಂದಾದರೂ ಕೇಳಬಾರದೇ?

"ನಿಮ್ಮ ಗುರುವಾಯನಕೆರೆಯಲ್ಲಿ ದರ್ಜಿಗಳಿಲ್ವಾ ಭಾವ?"

"ಇದ್ದಾರೆ. ಅವರ ಕೈಗೆ ಕೊಡಲಿಕ್ಕೆ ಮನಸ್ಸಾಗ್ಲಿಲ್ಲ."

ಸನತ್‌ಕುಮಾರ ಅವಳ ಅಪ್ಪನ ತಂಗಿಯ ಮಗ. ಅಳಿಯಕಟ್ಟಿನ ಮನೆತನಗಳಲ್ಲಿ ಗಂಡಸಿನ ಮನೆ, ಗದ್ದೆ ಎಲ್ಲ ಅಕ್ಕತಂಗಿಯರ ಮಕ್ಕಳಿಗೇ ಹೊರತು ಸ್ವಂತ ಮಕ್ಕಳಿಗಲ್ಲ. ಐವತ್ತೆರಡನೆಯ ಇಸವಿಯಲ್ಲಿ ಅಪ್ಪ ತೀರಿಕೊಂಡಾಗ ಅಮ್ಮ ಅನಂತಮತಿ ಮಗಳನ್ನು ಕರೆದುಕೊಂಡು ಮೂಡಬಿದಿರೆಗೆ, ತನ್ನ ತವರಿನವರ ಈ ಪುಟ್ಟ ಮನೆಗೆ ಬಂದಿದ್ದಳು. ಅದರ ಬಗ್ಗೆ ಯಾರಿಗೂ ದೂರಿರಲಿಲ್ಲ. ಕಟ್ಟು ಎಂದರೆ ಕಟ್ಟು.

ಹದಿನಾರರ ಶಶಿ ಅಂದು ಕೇಳಿದ್ದು ಒಂದೇ ಒಂದು. ಅಪ್ಪನ ಕೋಟು ನನಗೆ ಬೇಕು ಎಂದು.

ಮಾವನ ಕೋಟು ಅಳಿಯನಿಗೆ ಸೇರಬೇಕಾದ್ದು ಎಂದರು ಹಿರಿಯರು. ಆ ಅಳಿಯ ಮಹಾರಾಯ ಕಂಬಕ್ಕೆ ಒರಗಿ, ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ನಿಂತಿದ್ದ. ಕೋಟು ಸಿಗಲಿಲ್ಲವೆಂದು ಅವಳು ಅತ್ತಿದ್ದು ಒಂದು ದಿನ. ಅವನು ಸುಮ್ಮನಿದ್ದನಲ್ಲ ಎಂದು ಅತ್ತಿದ್ದು ಎಷ್ಟೋ ದಿನ. ಯಾಕೆಂದರೆ ಆ ಮನೆಯಲ್ಲಿ ಅವಳಿಗೆ ಎಲ್ಲರಿಗಿಂತ ಇಷ್ಟವಾದವನು ಅವನೇ ಆಗಿದ್ದ.

ಈಗ ಅದೇ ಕೋಟನ್ನು ಅವನ ಮೈಗೆ ಹೊಂದಿಸಬೇಕಂತೆ!

ಕೆಲಸವೇನೋ ಅವಳಿಗೆ ಬರುತ್ತಿತ್ತು. ಪೇಟೆಯ ಹಸನಬ್ಬ ದರ್ಜಿಯ ಕೋಟುಗಳಿಗೆ ಗುಂಡಿಯ ಕಾಜ, ಒಳಗಿನ ಅಸ್ತರು ಹೊಲಿದುಕೊಟ್ಟು ಕೋಟಿನ ಒಳಹೊರಗೆಲ್ಲ ಗೊತ್ತಿತ್ತು. ಆದರೆ ಗಂಡಸಿನ ಅಳತೆ ತೆಗೆದವಳಲ್ಲ. ಟೇಪು ಎದೆ ಸುತ್ತಿ ಬರುವಾಗ ಅವಳು ಅಂಕಿಯ ಮೇಲಷ್ಟೇ ಕಣ್ಣಿಟ್ಟಳು. ಅವನಂತೂ ಉಸಿರನ್ನೇ ಬಿಗಿಹಿಡಿದಿದ್ದ.

"ಉಸಿರು ಬಿಡಿ ಭಾವ. ಹೀಗೆ ಹಿಡಿದ್ರೆ ಎರಡು ಇಂಚು ಜಾಸ್ತಿ ಬರ್ತದೆ. ಕೋಟು ದೊಗಳೆಯಾದ್ರೆ ಹೆಸರು ಹಾಳಾಗುವುದು ನನ್ನದು."

ಅವನು ನಕ್ಕ. ಆ ನಗು ಸ್ವಲ್ಪವೂ ಬದಲಾಗಿರಲಿಲ್ಲ. ಅದೇ ಅವಳ ಕಷ್ಟ.

ಯಾವಾಗ ಬೇಕು ಎಂದು ಕೇಳಿದಳು. ಶುಕ್ರವಾರ ಬೆಳಿಗ್ಗೆ ಬಂದು ಇಲ್ಲೇ ಹಾಕಿಕೊಂಡು ವಿಟ್ಲಕ್ಕೆ ಹೋಗುತ್ತೇನೆ, ವೀರರಾಜ ಮಾವನಲ್ಲಿಗೆ ಎಂದ. ವೀರರಾಜರೆಂದರೆ ಅನಂತಮತಿಯ ಅಣ್ಣ.

"ಏನು ವಿಶೇಷ?"

ಅವನ ಕಿವಿ ಕೆಂಪಾಯಿತು. "ಹೆಣ್ಣು ಕೇಳಲಿಕ್ಕೆ..."

ಅಷ್ಟರಲ್ಲಿ ಅನಂತಮತಿ ಬೆಲ್ಲ, ನೀರು ಹಿಡಿದು ಒಳಗಿನಿಂದ ಬಂದಳು. ಮಾತು ಅಲ್ಲಿಗೇ ತುಂಡಾಯಿತು.

ವೀರರಾಜ ಮಾವನಿಗೆ ಮದುವೆಗೆ ಬಂದ ಮಗಳಿದ್ದಳು, ವಿಮಲಾ. ನೋಡಲು ಚೆಂದ, ಗುಣದಲ್ಲೂ ಒಳ್ಳೆಯವಳು. ಇನ್ನೇನು ಬೇಕು? ಪ್ರೀತಿಸಿದವರ ಬುದ್ಧಿಯೇ ಹಾಗೆ, ಕೆಟ್ಟದ್ದನ್ನು ಮೊದಲು ನಂಬುತ್ತದೆ. ಶಶಿಪ್ರಭಾ ಅಮ್ಮನಿಗೂ ಏನೂ ಹೇಳಲಿಲ್ಲ. ಹೇಳಹೊರಟರೆ ಅಳು ಬಂದೀತೆಂಬ ಹೆದರಿಕೆ.

ಮರುದಿನ ಮಧ್ಯಾಹ್ನ ಕೋಟನ್ನು ಬಿಚ್ಚಲು ಕುಳಿತಳು. ಅಪ್ಪ ಅಗಲ ಮೈಯವರು. ಪಕ್ಕಕ್ಕೆ ಒಂದೂವರೆ ಇಂಚಿನ ಹಾಗೆ ಒಳಕ್ಕೆ ಹಿಡಿಯಬೇಕು, ತೋಳು ಬಿಡಿಸಿ ಹೆಗಲು ಸಣ್ಣದು ಮಾಡಬೇಕು. ಬಲಗಡೆಯ ಜೇಬು ಕನ್ನಡಕದ ಪೆಟ್ಟಿಗೆಯ ಭಾರಕ್ಕೆ ಜೋತುಬಿದ್ದಿತ್ತು. ಅದನ್ನು ಸರಿಮಾಡಲು ಮನಸ್ಸು ಒಪ್ಪಲಿಲ್ಲ, ಹಾಗೇ ಬಿಟ್ಟಳು.

ಗುರುತು ಹಾಕಿ ಕತ್ತರಿ ಎತ್ತಿಕೊಂಡಳು. ಹೆಚ್ಚಿನ ಬಟ್ಟೆ ಕತ್ತರಿಸಿದರೆ ಹೊಲಿಗೆ ತೆಳ್ಳಗೆ ಕೂರುತ್ತದೆ. ಆದರೆ ಆಮೇಲೆ ಅಪ್ಪನ ಆಕಾರ ಮತ್ತೆ ಎಂದಿಗೂ ಬಾರದು.

'ಬೇರೆ ಹುಡುಗಿಯನ್ನು ಕೇಳಲು ಹೋಗುವವನಿಗಾಗಿ ನಾನು ನನ್ನ ಅಪ್ಪನನ್ನು ಕತ್ತರಿಸಬೇಕೇ?'

ಕತ್ತರಿ ಕೆಳಗಿಟ್ಟಳು. ಕೋಟನ್ನು ಮಡಿಲಲ್ಲಿ ಹಿಡಿದುಕೊಂಡು ಮನಸಾರೆ ಅತ್ತಳು. ಮೊಂಡು ಹಿಡಿದು ಹಾಗೇ ಮರಳಿಸಿಬಿಡಲೇ ಎನ್ನಿಸಿತು. ಆದರೆ ದೊಗಳೆ ಕೋಟಿನಲ್ಲಿ ಅವನು ವಿಟ್ಲದಲ್ಲಿ ನಗೆಪಾಟಲಾಗುವುದನ್ನು ನೆನೆದರೆ ಅದನ್ನೂ ತಡೆಯಲಾಗದು. ಕೊನೆಗೆ ಒಂದೆಳೆ ಬಟ್ಟೆಯನ್ನೂ ಕತ್ತರಿಸದೆ ಎಲ್ಲವನ್ನೂ ಒಳಕ್ಕೆ ಮಡಚಿ, ಕೈಹೊಲಿಗೆ ಹಾಕಿ ಕೂರಿಸಿದಳು. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಸನತ್‌ಕುಮಾರ ಬಂದವನೇ ಕೇಳಿದ್ದು, "ಕತ್ತರಿಸಿದಿಯಾ?"

"ಇಲ್ಲ. ಒಳಗೆ ಮಡಚಿದ್ದೇನೆ."

ಅವನು ದೊಡ್ಡದಾಗಿ ಉಸಿರುಬಿಟ್ಟ. ಅದು ಅವನಿಗೆ ಯಾಕೆ ಅಷ್ಟು ಮುಖ್ಯವೋ ಅವಳಿಗೆ ತಿಳಿಯಲಿಲ್ಲ.

ಕೋಟು ಮೈಮೇಲೆಯೇ ನೇಯ್ದಂತೆ ಕುಳಿತಿತು. ಶಶಿಪ್ರಭಾ ಹೆಗಲನ್ನು ಸವರಿ ಸರಿಮಾಡಿದಳು. ಒಳ್ಳೆಯ ಮಾತು ಆಡಿ ಕಳಿಸಬೇಕು. ಹಾಗೆಂದು ರಾತ್ರಿಯೇ ಗಟ್ಟಿಮಾಡಿಕೊಂಡಿದ್ದಳು.

"ವಿಮಲಾಳಿಗೆ ಖಂಡಿತ ಇಷ್ಟ ಆಗ್ತದೆ," ಎಂದಳು.

"ವಿಮಲಾಳಿಗೆ ಯಾಕೆ ಇಷ್ಟ ಆಗ್ಬೇಕು?"

"ನೀವು ಕೇಳಲಿಕ್ಕೆ ಹೋಗುವುದು ಅವಳನ್ನೇ ಅಲ್ವಾ?"

ಸನತ್‌ಕುಮಾರ ಅವಳನ್ನೇ ನೋಡಿದ. ಅಳತೆಯ ದಿನ ಅರ್ಧಕ್ಕೆ ನಿಂತ ಮಾತು ಇವಳ ತಲೆಯಲ್ಲಿ ಎಲ್ಲಿಗೆ ಹೋಗಿ ಮುಟ್ಟಿತ್ತೆಂದು ಅವನಿಗೆ ಆಗ ಹೊಳೆಯಿತು.

"ನಿನ್ನ ಮನೆಗೆ ಯಜಮಾನರು ಯಾರು ಶಶಿ?"

"ವೀರರಾಜ ಮಾವ."

"ಹಾಗಾದ್ರೆ ನಿನ್ನನ್ನು ಕೇಳ್ಬೇಕಾದ್ರೆ ನಾನು ಯಾರ ಹತ್ರ ಹೋಗ್ಬೇಕು?"

ಅವಳ ಕೈ ಕೋಟಿನ ಮೇಲೆಯೇ ನಿಂತಿತು. ಅಳಿಯಕಟ್ಟಿನಲ್ಲಿ ಹುಟ್ಟಿ ಬೆಳೆದವಳು! ಹೆಣ್ಣನ್ನು ಕೇಳಬೇಕಾದ್ದು ಅವಳ ಸೋದರಮಾವನಲ್ಲಿ ಎಂಬುದು ಊರಿಗೆಲ್ಲ ಗೊತ್ತು. ತನ್ನ ವಿಷಯದಲ್ಲಿ ಮಾತ್ರ ಅದು ನೆನಪೇ ಆಗಿರಲಿಲ್ಲ.

"ನನ್ನ ಕಡೆಯಿಂದ ಕೇಳಲಿಕ್ಕೆ ಹೋಗ್ಬೇಕಾದ್ದು ನನ್ನ ಸೋದರಮಾವ," ಅವನ ದನಿ ತಗ್ಗಿತು. "ಅವರಿಲ್ಲ. ಅವರ ಕೋಟನ್ನಾದ್ರೂ ಜೊತೆಗೆ ಕರ್ಕೊಂಡು ಹೋಗುವ ಅಂತ... ಇಷ್ಟು ವರ್ಷ ಒಂದು ದಿನವೂ ಹಾಕಿದ್ದಿಲ್ಲ. ಅವತ್ತು, ಅವಳಿಗೇ ಕೊಡಿ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಆ ನಾಚಿಕೆಯಲ್ಲೇ ಈ ಕಡೆ ಮುಖ ಹಾಕ್ಲಿಲ್ಲ."

ಶಶಿಪ್ರಭಾಳ ಕಣ್ಣು ತುಂಬಿತು. ಈ ಸಲ ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಎಲ್ಲರನ್ನೂ ಕೇಳ್ತೀರಿ. ನನ್ನನ್ನು ಕೇಳಿದಿರಾ?"

"ಈಗ ಕೇಳ್ತೇನೆ. ನನ್ನ ಜೊತೆ ಬದುಕ್ತೀಯಾ ಶಶಿ?"

ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಮೂರನೆಯದು ಹಾಕುವಾಗ ಅವನಿಗೆ ತಡೆಯಲಾಗಲಿಲ್ಲ. ಶಶಿಗೆ ಕೋಟು ಕೊಡದ ಗುರುವಾಯನಕೆರೆಯವರ ಮೇಲೆ ವೀರರಾಜ ಮಾವನಿಗೆ ಇನ್ನೂ ಸಿಟ್ಟುಂಟು, ಆಗುವುದಿಲ್ಲ ಎಂದುಬಿಟ್ಟರೆ ಏನು ಗತಿ ಎಂದು ಕೇಳಿದ.

"ವಿಟ್ಲಕ್ಕೆ ಹೋಗ್ಲಿಕ್ಕೆ ಬಂಟ್ವಾಳದ ಬಸ್ಸು ಎಷ್ಟು ಗಂಟೆಗೆ?"

"ಹತ್ತಕ್ಕೆ. ಉತ್ತರ ಹೇಳು ಮಾರಾಯ್ತಿ."

"ಮೂರು ಸೀಟು ಹಿಡಿಯಿರಿ ಭಾವ. ಅಮ್ಮನೂ ನಾನೂ ಬರ್ತೇವೆ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮಾವ ಇಲ್ಲ ಅಂದ್ರೆ, ಹೌದು ಅನ್ನಲಿಕ್ಕೆ ನಾನು ಅಲ್ಲೇ ಇರ್ತೇನೆ."