ಎರಡು ಮರ, ಒಂದೇ ನಂಬರು

ಮಾರ್ಚ್ ಒಂಬತ್ತು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ನಗರಸಭೆಯ ಮರಗಳ ವಿಭಾಗದ ಅಧಿಕಾರಿ ಠಾಣೆಗೆ ಬಂದರು. ಕೈಯಲ್ಲಿ ಮಡಚಿದ ದೂರು, ಅಂಗಿಯ ಹೆಗಲ ಮೇಲೆ ಒಣಗಿದ ಎಲೆಯ ಚೂರು. ಮುಖ ಎಷ್ಟು ಸೋತಿತ್ತೆಂದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದುಕೊಂಡು ಹೆಡ್ ಕಾನ್‌ಸ್ಟೇಬಲ್ ಮೊದಲು ನೀರು ಕೊಟ್ಟರು.

ಈ ಹೆಡ್ ಕಾನ್‌ಸ್ಟೇಬಲ್‌ರನ್ನು ಠಾಣೆಯಲ್ಲಿ ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಹೋದ ವರ್ಷ ವರ್ಗವಾಗಿ ಬಂದ ಇನ್ಸ್‌ಪೆಕ್ಟರ್ ಮೇಡಂ ಮೊದಲ ವಾರವೆಲ್ಲ ಹುದ್ದೆ ಹಿಡಿದು ಕರೆದಿದ್ದರು. ಎರಡನೆಯ ವಾರದಿಂದ ಅವರ ಬಾಯಲ್ಲೂ ದೊಡ್ಡಪ್ಪನೇ.

"ಏನಾಯ್ತು ಹೇಳಿ," ಎಂದರು ಇನ್ಸ್‌ಪೆಕ್ಟರ್.

"ಗುರುವಾರ ಹಳೇ ಪೇಟೆ ರಸ್ತೆಯಲ್ಲಿ ಅಂಚೆಯಣ್ಣನ ಮೇಲೆ ಕೊಂಬೆ ಬಿತ್ತಲ್ಲ ಮೇಡಂ..."

"ಗೊತ್ತು. ಹೆಗಲ ಮೂಳೆ ಮುರಿದಿದೆ. ನಿಮ್ಮ ಮೇಲೇ ಯಾರಾದ್ರೂ ದೂರು ಕೊಡ್ತಾರೆ ಅಂತ ಕಾಯ್ತಿದ್ದೆ. ನೀವೇ ಕೊಡೋಕೆ ಬಂದಿದೀರಲ್ಲ?"

"ಅದು ಒಣಗಿದ ಕೊಂಬೆ. ಕಡೀರಿ ಅಂತ ತಿಂಗಳ ಹಿಂದೆಯೇ ಆರ್ಡರ್ ಕೊಟ್ಟಿದ್ದೆ. ಮೇಸ್ತ್ರಿ ಕಡಿದಾಯ್ತು ಅಂದ. ಅವನು ಸುಳ್ಳು ಹೇಳಿಲ್ಲ. ಕಡಿದಿದಾನೆ. ಬೇರೆ ಮರದ್ದು."

"ಕುಡಿದಿದ್ನಾ?"

"ಇಲ್ಲ ಮೇಡಂ. ಆರ್ಡರಿನಲ್ಲಿ ಮರದ ನಂಬರ್ ಮಾತ್ರ ಇರುತ್ತೆ. ನಂಬರ್ ಹುಡುಕ್ಕೊಂಡು ಹೋಗಿ ಕಡೀತಾರೆ. ಈಗ ನೋಡಿದ್ರೆ ಊರಲ್ಲಿ ಎರಡು ಮರಕ್ಕೆ 4417 ಅಂತ ತಗಡಿನ ಪಟ್ಟಿ ಇದೆ. ಒಂದು ನಾವು ಹಾಕಿದ್ದು. ಇನ್ನೊಂದು ಯಾರು ಹಾಕಿದ್ದೋ ದೇವರಿಗೇ ಗೊತ್ತು."

"ಮರಕ್ಕೆ ಕಳ್ಳ ನಂಬರ್ ಹಾಕಿ ಯಾರಿಗೇನು ಸಿಗುತ್ತೆ?"

ಅಧಿಕಾರಿ ನಿಟ್ಟುಸಿರುಬಿಟ್ಟರು. ನಗರಸಭೆ ಬಜೆಟ್ಟಿನಲ್ಲಿ ದುಡ್ಡು ಬರುವುದು ನಂಬರ್ ಇರುವ ಮರಕ್ಕೆ ಮಾತ್ರ. ಬೇಸಿಗೆಯಲ್ಲಿ ನೀರಿನ ಟ್ಯಾಂಕರು, ಗೊಬ್ಬರ, ಹುಳದ ಔಷಧಿ, ಎಲ್ಲವೂ ಅಷ್ಟಕ್ಕೇ. ಮರಗಣತಿಯಾಗಿ ಹನ್ನೊಂದು ವರ್ಷ ಕಳೆದಿತ್ತು. ಆಮೇಲೆ ನೆಟ್ಟವು ಲೆಕ್ಕಕ್ಕೇ ಇಲ್ಲ.

"ಹೊಸ ಗಣತಿಗೆ ದುಡ್ಡು ಕೇಳಿದ್ರೆ, ಮೊದಲು ಎಷ್ಟು ಮರ ಇದೆ ಹೇಳಿ, ಆಮೇಲೆ ಕೊಡ್ತೀವಿ ಅಂತಾರೆ."

"ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ," ಎಂದರು ದೊಡ್ಡಪ್ಪ, ಖಾಲಿ ಲೋಟ ತೆಗೆದುಕೊಳ್ಳುತ್ತ.

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಗುರುತಿನ ನಕಲು, ಅದರಿಂದ ಒಬ್ಬ ವ್ಯಕ್ತಿಗೆ ಗಾಯ. ಆರೋಪಿ: ಅಪರಿಚಿತ.

ಇನ್ಸ್‌ಪೆಕ್ಟರ್ ದೊಡ್ಡಪ್ಪನನ್ನು ಕರೆದುಕೊಂಡು ಮೊದಲು ಆಸ್ಪತ್ರೆಗೆ ಹೋದರು. ಅಂಚೆಯಣ್ಣ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದ. ನೋವಿಗಿಂತ, ಬದಲಿಗೆ ಬಂದ ಹುಡುಗ ಕಾಗದಗಳನ್ನು ಅದಲು ಬದಲು ಮಾಡುತ್ತಿದ್ದಾನೆಂಬ ಚಿಂತೆ ಅವನಿಗೆ ಹೆಚ್ಚಾಗಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಕೊಂಬೆ ಮೇಲಾ?" ಎಂದು ನಕ್ಕ. ನಕ್ಕಿದ್ದಕ್ಕೆ ನೋವಾಗಿ ಮುಖ ಹಿಂಡಿದ. "ಮೇಡಂ, ಇದು ಹೇಳಬೇಕೋ ಬೇಡವೋ ಗೊತ್ತಿಲ್ಲ. ಒಬ್ಬ ಹೆಂಗಸು ದಿನಾ ಊಟದ ಡಬ್ಬಿ ತರ್ತಾರೆ. ಯಾರಮ್ಮ ನೀವು ಅಂದ್ರೆ, ನಿಮ್ಮ ಬೀದಿಯವಳೇ ಅಂತಾರೆ. ನನ್ನ ಬೀದಿಯಲ್ಲಿ ನನಗೆ ಗೊತ್ತಿಲ್ಲದ ಬೆಕ್ಕು ಕೂಡ ಇಲ್ಲ."

"ಹೇಗಿದ್ರು?"

"ನಲವತ್ತರ ಆಸುಪಾಸು. ಮಾತು ಕಮ್ಮಿ. ನಿನ್ನೆ ಡಬ್ಬಿ ಇಟ್ಟು ಅತ್ತುಬಿಟ್ರು. ಬೆರಳ ತುದಿಯೆಲ್ಲ ಬೆಳ್ಳಿ ಪುಡಿ ಮೆತ್ತಿದ ಹಾಗೆ ಮಿನುಗ್ತಿತ್ತು."

ದೊಡ್ಡಪ್ಪ ಅದನ್ನು ಬರೆದುಕೊಂಡರು.

ಮಧ್ಯಾಹ್ನ ಪಂಚನಾಮೆ. ಪಂಚರಾಗಿ ಹಣ್ಣಿನಂಗಡಿಯಾಕೆ ಮತ್ತು ಸೈಕಲ್ ರಿಪೇರಿಯವನು ಬಂದರು. ಹಳೇ ಪೇಟೆ ರಸ್ತೆಯ ನಿಜವಾದ 4417 ಇಬ್ಬರು ತಬ್ಬಿದರೂ ಕೈಗೆ ಕೈ ತಾಗದಷ್ಟು ದಪ್ಪದ ಮರ. ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಲಾಗಿತ್ತು. ಮೊಳೆಯ ಸುತ್ತ ತೊಗಟೆ ಉಬ್ಬಿ, ಪಟ್ಟಿಯನ್ನು ಅರ್ಧ ನುಂಗಿತ್ತು.

ಕಳ್ಳ 4417 ಇದ್ದದ್ದು ಮಾರುಕಟ್ಟೆಯ ಮೂಲೆಯಿಂದ ಹೊಸ ಬಡಾವಣೆಗೆ ಹೋಗುವ ರಸ್ತೆಯಲ್ಲಿ. ಹರೆಯದ ಮರ. ಕಡಿದ ಗಾಯ ಇನ್ನೂ ಹಸಿಯಾಗಿತ್ತು. ಅಧಿಕಾರಿ ಗಾಯದ ಅಂಚನ್ನು ಬೆರಳಿನಿಂದ ಸವರಿದರು.

"ಏನೂ ತಪ್ಪು ಮಾಡದೆ ಕೈ ಕಳ್ಕೊಂಡಿದೆ ಪಾಪ," ಎಂದರು. ಆಮೇಲೆ ಪಟ್ಟಿಯ ತಂತಿಯನ್ನು ಎಳೆದು ನೋಡಿದರು.

"ಏನು?"

"ಮೊಳೆ ಹೊಡೆದಿಲ್ಲ ಮೇಡಂ. ತಂತಿಗೆ ಸ್ಪ್ರಿಂಗ್ ಸೇರಿಸಿ ಕಟ್ಟಿದಾರೆ. ಮರ ದಪ್ಪ ಆದ ಹಾಗೆ ಇದೂ ಸಡಿಲ ಆಗುತ್ತೆ. ನಾವು ಹೀಗೆ ಕಟ್ಟಬೇಕು ಅಂತ ನಾನು ಎಷ್ಟು ವರ್ಷದಿಂದ ಬಡ್ಕೋತಿದೀನಿ."

ಅವರು ರಸ್ತೆಯುದ್ದಕ್ಕೂ ನಡೆದರು. ಮುಂದಿನ ಮರಕ್ಕೂ ಅಂಥದೇ ಪಟ್ಟಿ, ನಂಬರು ಮಾತ್ರ ಬೇರೆ. ಅದರಾಚೆಯ ಜೋಡಿ ಮರಕ್ಕೂ. ತಿರುವಿನಲ್ಲಿದ್ದ, ತೊಗಟೆ ಸುಲಿದ ಮರಕ್ಕೂ. ಸಾಲು ಒಂದು ಸಣ್ಣ ಗಲ್ಲಿಯ ಬಾಯಿಗೆ ಬಂದು ನಿಂತಿತು. ಎಲ್ಲದರ ಬುಡದಲ್ಲೂ ಬೆಳಗಿನ ಟ್ಯಾಂಕರಿನ ತೇವವಿತ್ತು. ಟ್ಯಾಂಕರಿನವರಿಗೆ ಪಟ್ಟಿ ಕಂಡರೆ ಸಾಕು, ನೀರು ಬಿಡುತ್ತಾರೆ. ಪಕ್ಕದ ಅಡ್ಡರಸ್ತೆಯಲ್ಲಿ ಇವುಗಳ ಜೊತೆಗೇ ನೆಟ್ಟ ಮರಗಳು ಕಡ್ಡಿಗಳಾಗಿದ್ದವು.

"ಈ ರಸ್ತೆಯಲ್ಲಿ ಸೈಟು, ಅಂಗಡಿ, ಯಾರದ್ದಾದ್ರೂ ಲಾಭ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ನನಗೆ ಕಾಣ್ತಿರೋದು ಮರದ ಲಾಭ ಒಂದೇ," ಎಂದರು ಅಧಿಕಾರಿ. ದೂರು ಕೊಟ್ಟವರ ದನಿ ಅದಾಗಿರಲಿಲ್ಲ.

ದೊಡ್ಡಪ್ಪ ಪಟ್ಟಿ ಬಿಚ್ಚಿ ಹಿಂದೆ ತಿರುಗಿಸಿದರು. ಹಿಂಬದಿಯನ್ನು ಯಾರೋ ಉಜ್ಜಿ ಅಳಿಸಲು ನೋಡಿದ್ದರು. ಬಿಸಿಲಿಗೆ ಓರೆ ಹಿಡಿದಾಗ ಅಕ್ಷರ ಮೂಡಿತು: 'ಪೋತ್ಸಾಹಕ ಬಹುಮಾನ'.

"ಪ್ರೋ ಇರಬೇಕಿತ್ತು," ಎಂದರು ದೊಡ್ಡಪ್ಪ. "ಮೇಡಂ, ಇದು ಬಹುಮಾನದ ಕಪ್ಪಿನ ಕೆಳಗೆ ಅಂಟಿಸೋ ತಗಡು. ನಮ್ಮ ಮನೆಯಲ್ಲಿ ಇಂಥವು ನಾಲ್ಕಿವೆ."

"ಯಾವುದರಲ್ಲಿ ಗೆದ್ರಿ ದೊಡ್ಡಪ್ಪ?"

"ಹಗ್ಗ ಜಗ್ಗಾಟ. ಸೋತವರಿಗೇ ಪ್ರೋತ್ಸಾಹಕ ಕೊಡೋದು."

ಸಂಜೆ ನಾಲ್ಕು ಗಂಟೆಗೆ ಮಾರುಕಟ್ಟೆ ಮೂಲೆಯ ಟ್ರೋಫಿ ಅಂಗಡಿ. ಗೋಡೆಯ ತುಂಬ ಯಾರೂ ಇನ್ನೂ ಗೆಲ್ಲದ ಕಪ್ಪುಗಳು. ಮಾಲೀಕ ತಗಡನ್ನು ನೋಡಿದ ತಕ್ಷಣ ಗುರುತು ಹಿಡಿದ.

"ನಮ್ಮದೇ. ಶಾಲೆಯೋರು ತಪ್ಪು ಬರೆದು ಕೊಟ್ರು, ಕೆತ್ತಿದ ಮೇಲೆ ಬೇಡ ಅಂದ್ರು. ಒಂದು ಕಂತೆ ಹಾಗೇ ಉಳೀತು."

"ಕಂತೆ ಏನಾಯ್ತು?"

"ಕೆತ್ತನೆಯಮ್ಮ ಕೇಳಿದ್ರು, ಕೊಟ್ಟೆ. ನಮ್ಮಲ್ಲಿ ಕೆತ್ತೋರು ಅವರೊಬ್ಬರೇ."

"ಕರೀರಿ."

"ರಜೆ ಮೇಲಿದಾರೆ. ಯಾರೋ ಹತ್ತಿರದವರ ಹೆಗಲು ಮುರಿದಿದೆಯಂತೆ, ನೋಡ್ಕೋಬೇಕು ಅಂದ್ರು." ಮಾಲೀಕನ ದನಿ ಇಳಿಯಿತು. "ಏನು ಮಾಡಿದ್ರು ಮೇಡಂ? ಹನ್ನೆರಡು ವರ್ಷದಲ್ಲಿ ಒಂದು ಒತ್ತಕ್ಷರ ತಪ್ಪಿದೋರಲ್ಲ."

ವಿಳಾಸ ಪಟ್ಟಿಯ ಮರಗಳ ಸಾಲು ನಿಂತ ಆ ಗಲ್ಲಿಯದೇ ಆಗಿತ್ತು. ಕೊನೆಯ ಮನೆ. ಬಾಗಿಲು ತೆರೆದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ತಲೆ ನೀಟಾಗಿ ಬಾಚಿತ್ತು, ಸೆರಗು ಬಿಗಿಯಾಗಿ ಸಿಕ್ಕಿಸಿತ್ತು. ಸಮವಸ್ತ್ರ ನೋಡಿ ಅಂಜಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ನನ್ನ ಸೊಸೆ ಮನೆಯಲ್ಲಿಲ್ಲ. ಇದ್ರೂ ಅಷ್ಟೇ, ಬಂದೋರಿಗೆ ಒಂದು ಲೋಟ ನೀರು ಕೊಡೋಕೆ ಬರಲ್ಲ ಅವಳಿಗೆ."

ಅಡುಗೆಮನೆಯಿಂದ ಒಬ್ಬ ಹೆಂಗಸು ಎರಡು ಲೋಟ ನೀರು ಹಿಡಿದು ಬಂದಳು. ಬೆರಳ ತುದಿ ಮಿನುಗುತ್ತಿತ್ತು.

"ಇವಳು ಪಕ್ಕದ ಮನೆಯವಳು," ಎಂದಳು ಅಜ್ಜಿ. "ಬಂಗಾರದಂಥವಳು. ನನ್ನ ಸೊಸೇನ ನೋಡಿ ಕಲೀಬೇಕು... ಅಲ್ಲ, ಇವಳನ್ನ ನೋಡಿ ಅವಳು ಕಲೀಬೇಕು."

ಹೆಂಗಸು ಇನ್ಸ್‌ಪೆಕ್ಟರ್ ಮುಖವನ್ನು ನೋಡಿ, ಮೆಲ್ಲಗೆ ಹೇಳಿದಳು: "ನಾನೇ ಸೊಸೆ ಮೇಡಂ. ಎರಡು ವರ್ಷದಿಂದ ಹೀಗೆ. ನಾನೇ ಠಾಣೆಗೆ ಬರ್ತಿದ್ದೆ. ಒಳಗೆ ಹಾಕಿದ್ರೆ ಇವರನ್ನ ಯಾರು ನೋಡ್ಕೋತಾರೆ ಅಂತ ತಿಳೀದೆ ಕೂತಿದ್ದೆ."

ಅಜ್ಜಿಯ ಪಕ್ಕ ದೊಡ್ಡಪ್ಪ ಕೂತರು. ಸೊಸೆಯರ ವಿಷಯ ಎತ್ತಿದರೆ ಸಾಕಾಗಿತ್ತು, ಅಲ್ಲಿ ಮಾತಿಗೆ ಬರವಿರಲಿಲ್ಲ. ಇನ್ಸ್‌ಪೆಕ್ಟರ್ ಅಡುಗೆಮನೆಯಲ್ಲಿ ನಿಂತು ವಿಚಾರಣೆ ನಡೆಸಿದರು. ಒಲೆಯ ಮೇಲೆ ನಾಳೆಯ ಡಬ್ಬಿಗೆಂದು ಬೇಳೆ ಬೇಯುತ್ತಿತ್ತು.

"ಪಟ್ಟಿ ನೀವು ಮಾಡಿದ್ದಾ?"

"ಹೌದು."

"ಯಾಕೆ?"

ಆಕೆ ಉರಿ ಸಣ್ಣ ಮಾಡಿದಳು. "ಅತ್ತೆ ದಿನಾ ಒಬ್ಬರೇ ಮಾರುಕಟ್ಟೆಗೆ ಹೋಗಿ ಬರ್ತಾರೆ. ಜೊತೆಗೆ ಯಾರು ಹೋದ್ರೂ ಬೈತಾರೆ, ನಾನೇನು ಕೂಸಾ ಅಂತ. ಮನುಷ್ಯರ ಮುಖ ಮರೆತಿದೆ, ರಸ್ತೆ ಹೆಸರು ಮರೆತಿದೆ. ಮರ ಮಾತ್ರ ಮರೆತಿಲ್ಲ. ಗೂನು ಮರ, ಜೋಡಿ ಮರ, ಸಿಪ್ಪೆ ಮರ, ಅಲ್ಲಿ ತಿರುಗಿದ್ರೆ ಮನೆ. ಹೋದ ವರ್ಷ ಬೇಸಿಗೆಯಲ್ಲಿ ಗೂನು ಮರ ಒಣಗಿಹೋಯ್ತು. ಕಡಿದು ಸಾಗಿಸಿದ್ರು. ಅವತ್ತು ಇವರು ಮನೆಗೆ ಬರಲಿಲ್ಲ."

"ಎಲ್ಲಿ ಸಿಕ್ಕಿದ್ರು?"

"ಬಸ್ ನಿಲ್ದಾಣದಲ್ಲಿ, ಸಾಯಂಕಾಲ. ಯಾಕೆ ಇಲ್ಲಿ ಕೂತಿದೀರಿ ಅಂದೆ. ಮರ ಇನ್ನೂ ಬಂದಿಲ್ಲ, ಕಾಯ್ತಿದೀನಿ ಅಂದ್ರು."

ಇನ್ಸ್‌ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.

"ಉಳಿದ ಮರಗಳೂ ಬಾಡ್ತಿದ್ವು. ನಗರಸಭೆಗೆ ಹೋದೆ. ನಂಬರ್ ಇಲ್ಲದ ಮರಕ್ಕೆ ನೀರಿಲ್ಲಮ್ಮ ಅಂದ್ರು. ಪಾಪ, ಒಳ್ಳೆ ಮಾತಲ್ಲೇ ಹೇಳಿದ್ರು. ಬಿಂದಿಗೆಯಲ್ಲಿ ಹೊತ್ತು ಹಾಕಿದೆ. ಎಷ್ಟು ಅಂತ ಹೊರೋದು? ಹಳೇ ಪೇಟೆಯಲ್ಲಿ ಆನೆಯಂಥ ಮರಗಳಿವೆ, ಅವಕ್ಕೆ ಯಾರೂ ನೀರು ಹಾಕಲ್ಲ. ಅವುಗಳ ನಂಬರ್ ಸುಮ್ಮನೆ ಕೂತಿದೆ ಅಂದ್ಕೊಂಡೆ. ಸಾಲ ತಗೊಂಡ ಹಾಗೆ ತಗೊಂಡೆ. ಕೊಂಬೆ ಕಡಿಯೋಕೂ ಅದೇ ನಂಬರ್ ನೋಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ." ಆಕೆ ಬೇಳೆಗೆ ಸೌಟು ಹಾಕಿ ತಿರುವಿದಳು. "ಗೊತ್ತಿರಲಿಲ್ಲ ಅಂದ್ರೆ ಅವರ ಮೂಳೆ ಕೂಡುತ್ತಾ? ಒಂದು ಗೇಣು ಈಚೆ ಬಿದ್ದಿದ್ರೆ ತಲೆ ಮೇಲೆ."

"ನಿಮ್ಮನ್ನ ಬಂಧಿಸಬೇಕಾಗುತ್ತೆ," ಎಂದರು ಇನ್ಸ್‌ಪೆಕ್ಟರ್.

"ಗೊತ್ತು ಮೇಡಂ. ಬೇಳೆ ಇಳಿಸಿ ಬರ್ತೀನಿ."

ಐದೂಮುಕ್ಕಾಲಿಗೆ ಬಂಧನ ಎಂದು ದಾಖಲೆಯಾಯಿತು. ಹೊರಗೆ ಜೀಪು ನೋಡಿದಾಗ ಅಜ್ಜಿಗೆ ಸಂಗತಿ ಅರ್ಧ ತಿಳಿಯಿತು. ಬಾಗಿಲಿಗೆ ಅಡ್ಡ ನಿಂತಳು.

"ಇವಳನ್ನ ಯಾಕೆ ಕರ್ಕೊಂಡು ಹೋಗ್ತೀರಿ? ಹಿಡಿಯೋದಾದ್ರೆ ನನ್ನ ಸೊಸೇನ ಹಿಡೀರಿ. ಅವಳು ಬಂದ ಮೇಲೆ ನಾನೇ ಹೇಳಿ ಕಳಿಸ್ತೀನಿ."

ಸೊಸೆಗೆ ಅಳುವಿನ ನಡುವೆ ನಗು ಬಂತು. ಅಜ್ಜಿಯನ್ನು ಒಬ್ಬಳೇ ಬಿಡುವಂತಿರಲಿಲ್ಲ, ಅವಳನ್ನೂ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ಆಕೆ ಡ್ರೈವರಿಗೆ ಜೋಡಿ ಮರ ತೋರಿಸಿದಳು, ಸಿಪ್ಪೆ ಮರ ತೋರಿಸಿದಳು. ಕೊಂಬೆ ಕಳೆದುಕೊಂಡ ಮರದ ಹತ್ತಿರ ಮಾತ್ರ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

ಠಾಣೆಯಲ್ಲಿ ಮರಗಳ ಅಧಿಕಾರಿ ಕಾಯುತ್ತಿದ್ದರು. ಆರೋಪಿಯ ಹೇಳಿಕೆ ಓದಿಸಿ ಕೇಳಿದರು. ನಗರಸಭೆಯಲ್ಲಿ ಒಳ್ಳೆ ಮಾತಲ್ಲಿ ಇಲ್ಲ ಎಂದವರು ತಾವೇ ಎಂದು ಅವರಿಗೆ ನೆನಪಾಯಿತು.

"ದೂರು ವಾಪಸ್ ತಗೋಬಹುದಾ ಮೇಡಂ?"

"ಆಗಲ್ಲ. ಒಬ್ಬರ ಮೂಳೆ ಮುರಿದಿದೆ. ಪಟ್ಟಿಗಳೆಲ್ಲ ಕೇಸಿನ ಸಾಕ್ಷ್ಯ, ಮುದ್ದಾಮಾಲು, ಬಿಚ್ಚಿಸಲೇಬೇಕು."

"ಬಿಚ್ಚಿದ್ರೆ ನಾಳೆಯಿಂದ ನೀರು ನಿಲ್ಲುತ್ತೆ."

"ಯಾವ್ಯಾವ ಮರದಿಂದ ಬಿಚ್ಚಿದ್ವಿ ಅಂತ ಕೋರ್ಟಿಗೆ ತೋರಿಸಬೇಕು. ಆ ರಸ್ತೆಯ ಮರಗಳನ್ನೆಲ್ಲ ನಿಮ್ಮ ಇಲಾಖೆ ಎಣಿಸಿ ಕೊಡಲಿ, ಮೊಹರು ಹಾಕಿ. ಬೇಗ ಬೇಕು ನನಗೆ."

ಅಧಿಕಾರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಎಣಿಸಿದರೆ ಮರಗಳು ಲೆಕ್ಕಕ್ಕೆ ಬರುತ್ತವೆ, ನಂಬರೂ ಸಿಗುತ್ತದೆ ಎಂದು ಹೊಳೆದದ್ದೇ ಕುರ್ಚಿಯಿಂದ ಎದ್ದೇಬಿಟ್ಟರು. ಎಣಿಸಿದ ಮರಗಳಿಗೆ ದುಡ್ಡು ಬರುವುದೋ ಇಲ್ಲವೋ ಮುಂದಿನ ಬಜೆಟ್ಟಿಗೆ ಬಿಟ್ಟದ್ದು. ಅಲ್ಲಿಯವರೆಗೆ ಬಿಂದಿಗೆ ಹೊರಲು ತಾವೂ ಬರುವುದಾಗಿ ಅವರು ಆರೋಪಿಗೆ ಹೇಳಿದ್ದನ್ನು ಇನ್ಸ್‌ಪೆಕ್ಟರ್ ಕೇಳಿಸಿಕೊಳ್ಳದವರಂತೆ ಇದ್ದರು.

ಜಾಮೀನು ಸಿಗುವ ಅಪರಾಧ. ಟ್ರೋಫಿ ಅಂಗಡಿಯ ಮಾಲೀಕ ಅಂಗಡಿ ಬಾಗಿಲು ಹಾಕಿ ಓಡಿಬಂದು ಸಹಿ ಹಾಕಿದ. ಆರೋಪಿ ತೀರಿಕೊಂಡ ಗಂಡನ ತಾಯಿಯೊಡನೆ ವಾಸವಿದ್ದಾಳೆ, ಅತ್ತೆ ದಾರಿ ತಪ್ಪದೆ ಮನೆ ಸೇರಲಿ ಎಂಬುದೊಂದೇ ಕೃತ್ಯದ ಉದ್ದೇಶ ಎಂದು ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು. ಇನ್ನೊಂದು ಹೇಳಿಕೆ ಬಾಕಿಯಿತ್ತು. ಅಜ್ಜಿ ಬೆಂಚಿನ ಮೇಲೆ ಕೂತು ದೊಡ್ಡಪ್ಪ ತಂದ ಬಿಸಿ ಹಾಲು ಕುಡಿಯುತ್ತಿದ್ದಳು. ಪಕ್ಕದಲ್ಲಿ ನಿಂತ ಸೊಸೆ ಆಕೆಯ ಸೆರಗು ಲೋಟಕ್ಕೆ ತಾಗದಂತೆ ಹಿಡಿದುಕೊಂಡಿದ್ದಳು.

"ಅಮ್ಮಾ," ಎಂದರು ಇನ್ಸ್‌ಪೆಕ್ಟರ್, "ಇವರು ನಿಮಗೆ ಏನಾಗಬೇಕು?"

ಅಜ್ಜಿ ತಲೆಯೆತ್ತಿ ಸೊಸೆಯ ಮುಖವನ್ನು ತುಂಬ ಹೊತ್ತು ನೋಡಿದಳು.

"ಏನೂ ಆಗಬೇಕಿಲ್ಲ," ಎಂದಳು. "ಆದ್ರೂ ದಿನಾ ಬರ್ತಾಳೆ."