ಚಿರತೆಗೆ ಒಪ್ಪುವ ಟೈರು

ಚಿರತೆ ಬೋನಿಗೆ ಬಿದ್ದದ್ದು ಮೂಡಲಗಿಯ ಆಚೆ, ಪದ್ಮವ್ವನ ಕಬ್ಬಿನ ಹೊಲದ ನಟ್ಟನಡುವೆ. ಅದನ್ನು ಬಿಡಬೇಕಾದದ್ದು ಎಂಬತ್ತು ಕಿಲೋಮೀಟರ್ ದೂರ, ಯಮಕನಮರಡಿಯ ಪಡುವಣಕ್ಕೆ ಗುಡ್ಡಗಳು ಕಾಡಿನೊಳಗೆ ಇಳಿಯುವ ಕಡೆ. ಮೂರು ದಿನದ ಹಿಂದೆ ಖಾಲಿ ಬೋನನ್ನು ಎಂಟು ಜನ ನಗುತ್ತ ಹೊಲದೊಳಗೆ ಹೊತ್ತೊಯ್ದಿದ್ದರು. ತುಂಬಿದ ಬೋನಿಗೆ ಹೆಗಲು ಕೊಡಲು ಒಬ್ಬನೂ ಮುಂದೆ ಬರಲಿಲ್ಲ. ಕಾಲುವೆ ನೀರು ಕುಡಿದ ಎರೆಮಣ್ಣು, ಬೋನು ಒಯ್ಯಲು ಬಂದ ಪಿಕಪ್ ಗಾಡಿಯನ್ನು ಬದುವಿನಲ್ಲೇ ಹಿಡಿದಿಟ್ಟುಕೊಂಡಿತ್ತು.

ಹಾಗಾಗಿ ಬೆಳಿಗ್ಗೆ ಆರಕ್ಕೆ ಅರಣ್ಯ ಇಲಾಖೆಯ ಪಶುವೈದ್ಯೆ ದೀಪಾ, ಹುಕ್ಕೇರಿಯ ತನ್ನ ಮನೆಯಿಂದ ನೇರವಾಗಿ ಯಮಕನಮರಡಿಯ ಸೋಮಶೇಖರನ ಶೆಡ್ಡಿಗೆ ಬಂದಿದ್ದಳು. ಅಲ್ಲಿ ಸೇನೆಯವರು ಹರಾಜು ಹಾಕಿದ ಹಳೆಯ ಲಾರಿಯೊಂದಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ, ಎತ್ತರದ ಹಸಿರು ಲಾರಿ. ಅದನ್ನು ಓಡಿಸುವವನು ಅಣ್ಣಪ್ಪ, ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಇಂಥವನ್ನೇ ಓಡಿಸಿ ಬಂದವನು. ಮಾಲೀಕನಿಗೆ ಲಾರಿಯ ಮೇಲೆ ಪ್ರೀತಿ, ಚಾಲಕನಿಗೆ ಅದರ ಬಗ್ಗೆ ತಿಳಿವಳಿಕೆ. ದಿನವೂ ಜಗಳವಾಡಲು ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಅಂದಿನ ಜಗಳ ಟೈರಿನದು. ಶೆಡ್ಡಿನಲ್ಲಿ ನಾಲ್ಕು ನಾಲ್ಕರಂತೆ ಮೂರು ಸೆಟ್ ಇದ್ದವು. ಸೋಮಶೇಖರನ ಮನಸ್ಸು ಹೊಸ ರಸ್ತೆ ಟೈರುಗಳ ಮೇಲೆ. ನಯವಾದ ಗೀರುಗಳವು, ಹೆದ್ದಾರಿಯಲ್ಲಿ ಬೆಣ್ಣೆಯಂತೆ ಓಡುತ್ತವೆ. ಅವು ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತವೆಂದು ಅಣ್ಣಪ್ಪನ ತಕರಾರು. ಅವನಿಗೆ ಬೇಕಾದದ್ದು ನೇಗಿಲ ಕುಳದಂಥ ದಪ್ಪ ಹಲ್ಲಿನ ಸೇನೆಯ ಟೈರುಗಳು. ದೀಪಾ ಇಬ್ಬರ ಮಾತನ್ನೂ ಕೇಳಿ, ಟೈರು ಕೊಳ್ಳುವವರು ಯಾರೂ ಕೇಳದ ಪ್ರಶ್ನೆ ಕೇಳಿದಳು.

"ಕಡಿಮಿ ಸಪ್ಪಳ ಮಾಡೂದು ಯಾವುದರಿ?"

ಕಾರಣವನ್ನೂ ಹೇಳಿದಳು. ಹೋದ ವರ್ಷ ಒಂದು ಹೆಣ್ಣು ಚಿರತೆ ದಾರಿಯಲ್ಲಿ ಎಚ್ಚರಗೊಂಡು, ಗಾಡಿಯ ಅದುರಿಗೆ ಬೆದರಿ, ಸರಳಿಗೆ ತಲೆ ಚಚ್ಚಿಕೊಂಡು ಅವಳ ಕಣ್ಣೆದುರೇ ಸತ್ತಿತ್ತು. ಈ ಸಲ ಕೊಡಬಹುದಾದದ್ದು ಒಂದೇ ಚುಚ್ಚುಮದ್ದು, ಅದರ ಮಂಪರು ಎರಡು ತಾಸು. ಇನ್ನೊಂದು ಕೊಟ್ಟರೆ ಹೃದಯವೇ ನಿಲ್ಲಬಹುದು. ಇದೂ ಹೆಣ್ಣೇ, ಮೂರು ವರ್ಷದ್ದು. ಜೀವಂತ ಕಾಡು ಮುಟ್ಟಿಸಬೇಕು.

ದಪ್ಪ ಹಲ್ಲಿನವು ಡಾಂಬರಿನ ಮೇಲೆ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತವೆಂದು ಅಣ್ಣಪ್ಪನೇ ಒಪ್ಪಿಕೊಂಡ. ಉಳಿದದ್ದು ಮೂರನೆಯ ಸೆಟ್, ನಡುವೆ ರಸ್ತೆಗೆ ಒತ್ತೊತ್ತಾದ ಸಣ್ಣ ಗೀರು, ಅಂಚಿಗೆ ಮಣ್ಣು ಕಚ್ಚುವ ಹಲ್ಲು. ಅದು ಯಾರಿಗೂ ಇಷ್ಟವಿರಲಿಲ್ಲ, ಹಾಗಾಗಿ ಬೇಗ ತೀರ್ಮಾನವಾಯಿತು. ಅಣ್ಣಪ್ಪ ಐವತ್ತು ಪೌಂಡಿಗೆ ಗಾಳಿ ಹಿಡಿದ. ಮಣ್ಣಿಗೂ ರಸ್ತೆಗೂ ನಡೆದೀತೆಂಬ ಲೆಕ್ಕ.

ಗೋಕಾಕದಲ್ಲಿ ದೀಪಾ ಮಂಜುಗಡ್ಡೆಗೆ, ಅಣ್ಣಪ್ಪ ಚಹಾಕ್ಕೆ ಇಳಿದರು. ವಾಪಸು ಬಂದಾಗ ಸೋಮಶೇಖರ ಹಸನ್ಮುಖಿಯಾಗಿ ಸ್ಟೇರಿಂಗಿನ ಪಕ್ಕ ಕುಳಿತಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

ಹೊಲದಲ್ಲಿ ಕಬ್ಬು ಕಡಿದ ಪಟ್ಟಿಯ ಮೇಲೆ ಒಣ ರವದಿ ದಪ್ಪಗೆ ಹಾಸಿತ್ತು. ಲಾರಿ ಆ ಒಣ ಎಲೆಗಳ ಮೇಲೆ ಮದುವೆಯ ದಿಬ್ಬಣದಂತೆ ಒಳಗೆ ಹೋಯಿತು. ದೀಪಾ ಚುಚ್ಚುಮದ್ದು ಕೊಟ್ಟಳು. ಹಲಗೆ ಜೋಡಿಸಿ, ಸರಪಳಿ ಹಾಕಿ ಬೋನನ್ನು ಮೇಲೆಳೆಯಲು ಒಂದು ತಾಸು ಹಿಡಿಯಿತು. ಆ ಒಂದು ತಾಸೂ ಲಾರಿ ಸದ್ದಿಲ್ಲದೆ ಇಳಿಯುತ್ತಿತ್ತು.

ಅಣ್ಣಪ್ಪ ಗೇರು ಹಾಕಿದ. ಲಾರಿ ಒಮ್ಮೆ ನಡುಗಿ, ಹಿಂಗಾಲಿನ ಮೇಲೆ ಕುಳಿತುಕೊಂಡಿತು.

ಅವನು ಇಳಿದು ನೋಡಿದ. ಹಿಂದಿನ ಟೈರುಗಳು ಚಾಕುವಿನಂತೆ ಮಣ್ಣು ಸೀಳಿಕೊಂಡು ಅರ್ಧ ಇಳಿದಿದ್ದವು. ಗೆಣ್ಣಿನಿಂದ ಒಂದನ್ನು ಬಡಿದ. ಕಲ್ಲಿನ ಸದ್ದು. ಗಾಳಿಯ ಮಾಪಕ ಹಚ್ಚಿ, ಓದಿ, ಮಾಲೀಕನ ಕಡೆ ತಿರುಗಿದ.

"ನೂರಾ ಹತ್ತು. ಯಾವಾಗ ತುಂಬಿಸಿದ್ರಿ?"

"ಗೋಕಾಕದಾಗ," ಎಂದ ಸೋಮಶೇಖರ. "ಕಬ್ಬಿನ ಗಾಡಿಗೆ ನಾವು ಹಂಗ ತುಂಬಸ್ತೀವಲ್ಲಪಾ. ಭಾರ ತಡೀಬೇಕಲ್ಲ."

"ಇದರಾಗ ಇಪ್ಪತ್ತು ಟನ್ ಕಬ್ಬಿಲ್ರಿ. ಒಂದು ಚಿರತಿ ಐತಿ."

ಈ ಸೀಮೆಯ ಲಾರಿ ಮಾಲೀಕರು ಮಕ್ಕಳ ಹೊಟ್ಟೆಗಿಂತ ಟೈರಿನ ಹೊಟ್ಟೆಯ ಬಗ್ಗೆ ಹೆಚ್ಚು ಕಾಳಜಿ ಮಾಡುತ್ತಾರೆ. ಅದು ಗಟ್ಟಿಯಾಗಿದ್ದರೆ ಅವರಿಗೆ ನಿದ್ದೆ. ಆದರೆ ಕೆಸರಿನಲ್ಲಿ ಟೈರು ಅಂಬಲಿಯಂತೆ ಅಗಲಕ್ಕೆ ಹರಡಬೇಕು. ಅಣ್ಣಪ್ಪನ ಪ್ರಕಾರ ಬೇಕಾದದ್ದು ಇಪ್ಪತ್ತೈದು ಪೌಂಡ್. ಅಂದರೆ ಪ್ರತಿ ಟೈರಿನ ಬಾಯಿಯಲ್ಲಿ ಗಾಳಿ ತಡೆಯುವ ವಾಲ್ವಿನ ಮುಳ್ಳು ಬಿಚ್ಚಿ, ಏಳೆಂಟು ನಿಮಿಷ ಅಲ್ಲೇ ಕೂರಬೇಕು. ಮುಂದಿನ ಎರಡಕ್ಕೆ ತೊಂದರೆ ಇರಲಿಲ್ಲ. ಹಿಂದಿನ ಎರಡರ ನೇರ ಮೇಲೆ ಬೋನಿತ್ತು. ಬೋನು ಅಗಲವಾದ್ದರಿಂದ ಬಲಬದಿಯ ತಡೆಹಲಗೆಯನ್ನು ಕಳಚಿಟ್ಟಿದ್ದರು.

ದೀಪಾ ಗಡಿಯಾರ ನೋಡಿದಳು. ಮಂಪರಿನಲ್ಲಿ ಉಳಿದದ್ದು ಐವತ್ತು ನಿಮಿಷ.

ಅಣ್ಣಪ್ಪ ಮುಂದಿನವನ್ನು ಮುಗಿಸಿ ಎಡಗಡೆಯ ಹಿಂಗಾಲಿಗೆ ಕುಳಿತ. ಬಲಗಡೆಯದು ಉಳಿಯಿತು. ಸೋಮಶೇಖರ ಧೋತರ ಮೇಲೆತ್ತಿ ಕಟ್ಟಿ, ಕೆಸರಿನಲ್ಲಿ ಮೊಣಕಾಲೂರಿದ.

ಮುಳ್ಳು ಬಿಚ್ಚಿತು. ಗಾಳಿ ಬುಸ್ಸೆಂದು ಹಾರಿತು.

ಕಬ್ಬಿನೊಳಗೆ ಮಂಡಲದ ಹಾವು ಹಾಗೇ ಬುಸುಗುಡುತ್ತದೆ. ಮನುಷ್ಯರಿಗಿಂತ ಚಿರತೆಗೆ ಅದು ಚೆನ್ನಾಗಿ ಗೊತ್ತು.

ಮೇಲೆ ಏನೋ ಹೊರಳಿತು. ಬಿಸಿಲಿಗೆಂದು ಬೋನಿನ ಮೇಲೆ ಎಳೆದಿದ್ದ ತಾಡಪಾಲು ಒಂದು ಗೇಣು ಜಾರಿತು. ಸೋಮಶೇಖರನ ತಲೆಯಿಂದ ಒಂದೂವರೆ ಅಡಿ ಮೇಲೆ, ಸರಳಿನ ಹಿಂದೆ, ಅರ್ಧ ತೆರೆದ ಹಳದಿ ಕಣ್ಣೊಂದು ಕಾಣಿಸಿತು.

ಗುರುಗುಟ್ಟುವ ಸದ್ದು ಕಿವಿಗೆ ಬರಲಿಲ್ಲ. ಟೈರಿನ ಮೇಲಿಟ್ಟ ಅಂಗೈಗೆ ಬಂತು.

"ಏಳಬ್ಯಾಡ್ರಿ ಕಾಕಾ," ದೀಪಾ ಪಿಸುಗುಟ್ಟಿದಳು. "ಮ್ಯಾಲೂ ನೋಡಬ್ಯಾಡ್ರಿ."

"ನಾ ಎಲ್ಲಿ ಏಳ್ಲಿವ್ವಾ," ಎಂದ ಅವನು ಅಷ್ಟೇ ಮೆಲ್ಲಗೆ. "ಕಾಲ ಇಲ್ಲದಂಗ ಆಗ್ಯಾವು."

ಪಂಜ ಹೊರಬಂತು. ಮೊದಲು ಬೆರಳು, ಆಮೇಲೆ ಮೊಣಕೈವರೆಗೆ. ಮಂಪರಿನ ಸೋಮಾರಿತನದಲ್ಲಿ ಗಾಳಿಯನ್ನು ಒಮ್ಮೆ ಗೀರಿ, ಅವನ ಟೋಪಿಯನ್ನು ಕೆಡವಿತು. ಸೋಮಶೇಖರ ಕಣ್ಣು ಮುಚ್ಚಿಕೊಂಡ. ಮುಳ್ಳು ಕೆಸರಿಗೆ ಬೀಳದಿರಲೆಂದು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅವನು ವಚನ ಹೇಳಿಕೊಳ್ಳಲು ನೋಡಿದ. ಬಾಯಿಪಾಠ ಬಂದಿದ್ದು ಒಂದೂ ನೆನಪಾಗಲಿಲ್ಲ.

ಎಂಟು ನಿಮಿಷ. ಅಣ್ಣಪ್ಪ ಆಚೆಯಿಂದ ಕೈ ತೋರಿಸಿದ. ಸೋಮಶೇಖರ ಹಲ್ಲಿನಿಂದ ಮುಳ್ಳು ತೆಗೆದು, ಮೂರನೆಯ ಯತ್ನಕ್ಕೆ ತೂತಿಗಿಟ್ಟು ತಿರುಗಿಸಿ, ಅಂಬೆಗಾಲಿನಲ್ಲೇ ಹಿಂದೆ ಸರಿದ.

ಅಣ್ಣಪ್ಪ ಎಂಜಿನ್ನನ್ನು ಹೆಚ್ಚು ರೇಸ್ ಮಾಡದೆ, ಮಗುವಿನ ತೊಟ್ಟಿಲು ತೂಗುವಂತೆ ಕ್ಲಚ್ಚು ಬಿಟ್ಟ. ಚಪ್ಪಟೆಯಾದ ಟೈರುಗಳು ಮಣ್ಣನ್ನು ತುಳಿದವು. ಒಂದು ಗೇಣು. ಒಂದು ಮಾರು. ಲಾರಿ ಹೊಂಡದಿಂದ ಎದ್ದು, ರವದಿ ದಾಟಿ, ಬದು ಹತ್ತಿ ಡಾಂಬರಿನ ಮೇಲೆ ನಿಂತಿತು.

ಹಾಗೇ ಓಡಿಸಿದರೆ ಸಡಿಲ ಟೈರು ಕಾದು ಸಿಡಿಯುತ್ತದೆ. ಸಿಡಿದ ಸದ್ದಿಗೆ ಚಿರತೆ ಉಳಿಯುವುದಿಲ್ಲ. ಬ್ರೇಕಿನ ಗಾಳಿಯ ಟಾಕಿಗೆ ಕೊಳವೆ ಸಿಕ್ಕಿಸಿ ಒಂದೊಂದಾಗಿ ತುಂಬಿಸಿದರು, ಈ ಸಲ ಅರವತ್ತಕ್ಕೆ, ಮಾಪಕ ಸೋಮಶೇಖರನೇ ಹಿಡಿದ. ನಾಲ್ಕನೆಯದು ತುಂಬುವಾಗ ಚಿರತೆ ಪೂರ್ತಿ ಎಚ್ಚರಗೊಂಡಿತು. ಮೊದಲ ಹೊಡೆತಕ್ಕೆ ಬೋನು ಒಂದು ಕಡೆ ವಾಲಿತು. ಎರಡನೆಯದಕ್ಕೆ ಸರಳಿಗೆ ರಕ್ತ ಹತ್ತಿತು. ದೀಪಾಳ ಮುಖದ ಬಣ್ಣ ಇಳಿಯಿತು.

ಆಗ ಪದ್ಮವ್ವ ಗೋಣಿಚೀಲಗಳ ಹೊರೆ ಹೊತ್ತು ಬಂದಳು. ಕಾಲುವೆಯಲ್ಲಿ ಅದ್ದಿ ತಂದವು, ನೀರು ಸೋರುತ್ತಿದ್ದವು. ಬುಟ್ಟಿಯೊಳಗಿನ ಕೋಳಿಯೂ ಕತ್ತಲು ಮಾಡಿದರೆ ಸುಮ್ಮನಾಗುತ್ತದಲ್ಲ ಎಂದಳು. ತಾನೇ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಬೈಯುತ್ತ ಬೈಯುತ್ತ, ನಾಲ್ಕೂ ಕಡೆ ಹೊದಿಸಿದಳು. ಒಳಗೆ ಹೊಡೆತ ನಿಂತು ಏದುಸಿರು ಮಾತ್ರ ಉಳಿಯಿತು.

ಗೋಕಾಕ, ಹುಕ್ಕೇರಿ. ಒಮ್ಮೆಯೂ ಹಾರನ್ ಹೊಡೆಯಲಿಲ್ಲ. ಟೈರುಗಳು ಡಾಂಬರಿನ ಮೇಲೆ ಮೆಲ್ಲಗೆ ಗುನುಗುತ್ತಿದ್ದವು. ಅದರ ಮೇಲೆ ಆ ಏದುಸಿರು ಕೇಳುತ್ತಿದೆಯೇ ಎಂದು ಮೂವರೂ ಕಿವಿಗೊಟ್ಟಿದ್ದರು. ಕೇಳಿದರೆ ಹೆದರಿಕೆ, ಕೇಳದಿದ್ದರೆ ಇನ್ನೂ ಹೆದರಿಕೆ.

ಯಮಕನಮರಡಿ ದಾಟಿದ ಮೇಲೆ ಡಾಂಬರು ಮುಗಿದು ಕಲ್ಲುದಾರಿ ಬಂತು. ಕೆಂಪು ಮೊರಡಿಗಳು, ಮಂಡಿಯೆತ್ತರದ ಹಳದಿ ಹುಲ್ಲು, ಬಂಡೆಗಳ ಸಂದಿಯಲ್ಲಿ ಸೊಟ್ಟಗೆ ಬೆಳೆದ ಮತ್ತಿಮರಗಳು. ಆಚೆ ಕಣಿವೆಯಲ್ಲಿ ಕಾಡು ಕಡುಹಸಿರಾಗಿ ಮಲಗಿತ್ತು. ಟೈರುಗಳು ಪ್ರತಿ ಕಲ್ಲನ್ನೂ ಬಗ್ಗಿ ತಬ್ಬಿ ದಾಟಿದವು. ನಾಲ್ಕು ಗಂಟೆಗೆ ಕಣಿವೆಯ ಅಂಚಿನಲ್ಲಿ ಅಣ್ಣಪ್ಪ ಲಾರಿ ನಿಲ್ಲಿಸಿದ.

ಗೋಣಿ ಸರಿಸಿ, ಬೋನಿನ ಬಾಗಿಲಿಗೆ ಹಗ್ಗ ಕಟ್ಟಿ, ಮೂವರೂ ಕ್ಯಾಬಿನ್ನಿನಲ್ಲಿ ಕಿಟಕಿ ಏರಿಸಿಕೊಂಡು ಕುಳಿತರು. ಹಗ್ಗ ಎಳೆದರು. ಬಾಗಿಲು ಮೇಲೆದ್ದಿತು.

ಏನೂ ಆಗಲಿಲ್ಲ.

ಐದು ನಿಮಿಷ. ಹತ್ತು. ದೀಪಾಳ ಬೆರಳುಗಳು ಸೀಟಿನ ರೆಕ್ಸಿನ್ನನ್ನು ಹರಿಯುತ್ತಿದ್ದವು. "ಉಸಿರ ಐತೇನ ಅದಕ?" ಎಂದು ಸೋಮಶೇಖರ ಕೇಳಿದ.

ಆಗ ಸೀಟಿನ ಕೆಳಗೆ ಲಾರಿ ಮೆಲ್ಲಗೆ ಹಿಂದಕ್ಕೆ ವಾಲಿತು. ಒಂದು ಕ್ಷಣ ಹಾಗೇ ನಿಂತಿತು. ಮರುಕ್ಷಣ ಹಗುರಾಗಿ ಮೇಲೆದ್ದಿತು. ಹಣೆಗೆ ರಕ್ತ ಹತ್ತಿದ ಒಂದು ಹಳದಿ ಗೆರೆ ಹುಲ್ಲಿನ ಮೇಲೆ ಹಾದು, ಬಂಡೆಯಿಂದ ಬಂಡೆಗೆ ಎರಡು ನೆಗೆತ ಹಾಕಿ, ಕಣಿವೆಯೊಳಗೆ ಇಳಿದುಹೋಯಿತು. ಕುಂಟಲಿಲ್ಲ. ತಿರುಗಿ ನೋಡಲಿಲ್ಲ.

ದೀಪಾ ಮುಖ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ತಿಳಿಯದೆ ಗಂಡಸರಿಬ್ಬರೂ ಮರ್ಯಾದೆಯಿಂದ ಗಾಜಿನ ಹೊರಗೆ ನೋಡಿದರು.

ಬೋನಿನ ಬಾಗಿಲಿಗೆ ಚಿಲಕ ಹಾಕಲು ಯಾರಾದರೂ ಇಳಿಯಬೇಕಿತ್ತು. ಯಾರೂ ಇಳಿಯಲಿಲ್ಲ. ಬಾಗಿಲು ಧಡಧಡ ಬಡಿದುಕೊಳ್ಳುತ್ತಲೇ ಲಾರಿ ಹೆದ್ದಾರಿಗೆ ಬಂತು. ಹಿಂದೆ ಅಷ್ಟು ಜಾಗವಿದ್ದರೂ ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕುಳಿತಿದ್ದರು. ಅಷ್ಟರಲ್ಲಿ ಪದ್ಮವ್ವನ ಫೋನು ಬಂತು.

"ಹೋತ್ರಿ ಅವ್ವಾ," ಎಂದಳು ದೀಪಾ. "ತನ್ನ ಕಾಲ ಮ್ಯಾಲ ಓಡಿ ಹೋತು."