ಕಿಟಕಿ ಪಕ್ಕದ ದೀಪ

ಮೂರು ದಿನ ನಾನು ತಪ್ಪು ಹುಡುಕಿದೆ. ಪಂಪು, ವಾಲ್ವು, ಬಾಗಿಲಿನ ರಬ್ಬರು, ಒಂದನ್ನೂ ಬಿಡಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನ ಕಥೆ ನನ್ನದು.

ಆ ಮುಚ್ಚಿದ ಕೋಣೆಯಲ್ಲಿ ಅವಳು ನೂರ ಅರವತ್ತಮೂರು ದಿನದಿಂದ ಇದ್ದಳು. ಚಂದ್ರನ ಮೇಲೆ ಮನುಷ್ಯ ಬದುಕಬಹುದೇ ಎಂದು ಇಲ್ಲೇ ನೆಲದ ಮೇಲೆ ಮಾಡುವ ಪರೀಕ್ಷೆ ಅದು. ಅವಳು ಬಿಟ್ಟ ಉಸಿರನ್ನು ಗೋಧಿ ಪೈರು ಕುಡಿಯಬೇಕು, ಪೈರು ಬಿಟ್ಟದ್ದನ್ನು ಅವಳು ಉಸಿರಾಡಬೇಕು. ಇನ್ನೂರು ದಿನ ದಾಟಿದರೆ ಅವಳು ಬೆಳೆಸಿದ ಗೋಧಿ ಚಂದ್ರನಿಗೆ ಹೋಗುತ್ತದೆ, ಜೊತೆಗೆ ಅವಳೂ. ಅದರ ಕಿಟಕಿ ಗಾಜಿನ ಈಚೆ ಕೂತು ಒಳಗಿನ ಗಾಳಿ ಅಳೆಯುವುದು ನನ್ನ ಕೆಲಸ.

ಹತ್ತು ದಿನದಿಂದ ಸಂಜೆ ನಾಲ್ಕಕ್ಕೆ ಒಳಗೆ ಕೆಟ್ಟ ಗಾಳಿ ಏರುತ್ತಿತ್ತು. "ನಾಳೆಯೊಳಗೆ ಕಾರಣ ಸಿಗದಿದ್ರೆ ಬಾಗಿಲು ತೆಗೆಸ್ತೀನಿ," ಎಂದರು ನಮ್ಮ ಮೇಡಂ. ತೆಗೆದರೆ ಅವಳ ಆರು ವರ್ಷದ ದುಡಿಮೆ ನೀರುಪಾಲು.

ನಾಲ್ಕಕ್ಕೆ ನನ್ನ ಪಾಳಿ ಶುರು. ಗಾಜಿನ ಬಳಿಯ ಫೋನು ಎತ್ತಿದೆ. ಒಳಗೆ ಅವಳೂ ಎತ್ತಿ, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ನನ್ನ ಕಾಲರನ್ನು ಓರೆಗಣ್ಣಿನಿಂದ ನೋಡಿದಳು.

"ಹೊಸ ಶರ್ಟಾ, ಗಾಳಿ ಸಾಹೇಬ್ರೇ? ಯಾರನ್ನ ಮೆಚ್ಚಿಸೋಕೆ?"

"ಅಕ್ಕ ಹೊಲಿದದ್ದು. ಮಾತು ಮರೆಸಬೇಡಿ. ನಾಲ್ಕು ಗಂಟೆಗೆ ಒಳಗೆ ಏನ್ ಮಾಡ್ತೀರಿ?"

ಅವಳ ನಗು ಇಳಿಯಿತು.

"ದೀಪ ಆರಿಸ್ತೀನಿ. ಕಿಟಕಿ ಪಕ್ಕದ ಸಾಲು ಪೂರ್ತಿ."

ಈಚೆಗೆ ನಾನು ಬಂದಾಗಲೆಲ್ಲ ಆ ಸಾಲು ಆರಿರುತ್ತಿತ್ತು. ಪೈರಿಗೆ ಅದು ನಿದ್ದೆಯ ಹೊತ್ತು ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

"ಬೆಳಕಿಲ್ದೆ ಪೈರು ಗಾಳಿ ಕುಡಿಯಲ್ಲ ಅಂತ ನನಗೆ ಹೇಳಿಕೊಟ್ಟೋರೇ ನೀವು."

"ಗೊತ್ತು. ದೀಪ ಉರೀತಿದ್ರೆ ಗಾಜಲ್ಲಿ ನನ್ನ ಮುಖಾನೇ ಕಾಣುತ್ತೆ. ನಿಮ್ಮ ಕಡೆ ಕತ್ತಲು. ನೂರೈವತ್ತು ದಿನ ನನ್ನನ್ನೇ ನೋಡ್ಕೊಂಡೆ, ಸಾಕಾಯ್ತು. ಐದೇ ನಿಮಿಷ ಅಂತ ಆರಿಸಿದೆ. ನೀವು ಎದ್ದು ಹೋಗೋವರೆಗೂ ಹಚ್ಚೋಕೆ ಮನಸ್ಸು ಬರಲಿಲ್ಲ."

ನನಗೆ ಸಂತೋಷವೋ ಭಯವೋ, ಎರಡೂ ಒಟ್ಟಿಗೇ ಬಂದವು.

"ವಾಲ್ವು ಕೆಟ್ಟಿತ್ತು ಅಂತ ಬರೀತೀನಿ," ಎಂದೆ.

"ಬೇಡ. ಅಲ್ಲಿಗೆ ಹೋಗೋರು ಈ ವರದಿ ನಂಬಿ ಉಸಿರಾಡ್ತಾರೆ. ಇದ್ದದ್ದು ಇದ್ದ ಹಾಗೆ ಬರೀರಿ."

"ನಿಮ್ಮ ಜಾಗ ಹೋಗುತ್ತೆ."

"ಗೊತ್ತು. ಬರೀರಿ."

ಬರೆದೆ. ಮೇಡಂ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಬಾಗಿಲು ತೆಗೆಯೋದು ಬೇಡ, ಪೈರಿನದೇನೂ ತಪ್ಪಿಲ್ಲ. ಆದ್ರೆ ಒಂದು ಮುಖಕ್ಕೋಸ್ಕರ ದೀಪ ಆರಿಸಿದೋರನ್ನ ಅಷ್ಟು ದೂರ ಕಳಿಸೋಕಾಗಲ್ಲ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಬದುಕೋಕೆ ಏನೇನು ಬೇಕು ಅನ್ನೋ ಪಟ್ಟೀಲಿ ನಾವೂ ಇದನ್ನ ಬರೆದಿರಲಿಲ್ಲ," ಎಂದರು.

ಮರುದಿನ ಅಕ್ಕನ ಹೊಲಿಗೆ ಮಿಷನ್ನಿನ ದೀಪ ಬಿಚ್ಚಿಕೊಂಡೆ.

"ಡ್ಯೂಟಿಗೆ ದೀಪ ಯಾಕೋ?"

"ಒಬ್ರಿಗೆ ನನ್ನ ಮುಖ ಕಾಣಬೇಕಂತೆ."

"ಪಾಪ, ಕಣ್ಣು ತೋರಿಸ್ಕೊಳ್ಳೋಕೆ ಹೇಳು," ಎಂದಳು ಅಕ್ಕ. ಆದರೂ ದೀಪದ ಧೂಳು ಒರೆಸಿ ಕೊಟ್ಟಳು.

ನಾಲ್ಕಕ್ಕೆ ಅದನ್ನು ನನ್ನ ಕೆನ್ನೆಯ ಹತ್ತಿರ ಇಟ್ಟು ಹಚ್ಚಿದೆ. ಒಳಗೆ ಸಾಲು ಸಾಲು ದೀಪ ಉರಿಯುತ್ತಿತ್ತು, ಗೋಧಿ ನಿಂತಿತ್ತು. ಅವಳು ಬಂದು ಗಾಜಿಗೆ ಅಂಗೈ ಊರಿದಳು. ಕಣ್ಣು ಕೆಂಪಾಗಿತ್ತು.

"ಕಾಣಿಸ್ತಿದೀರಿ," ಎಂದಳು.

"ನನ್ನಿಂದ ಚಂದ್ರ ತಪ್ಪಿತು."

"ತಪ್ಪಿತು. ಬೆಳಿಗ್ಗೆಯಿಂದ ಅತ್ತಿದೀನಿ, ನಾಳೇನೂ ಅಳ್ತೀನಿ. ಗೋಧಿ ಹೋಗುತ್ತಲ್ಲ, ಅದೇ ಸಮಾಧಾನ."

"ಬಾಗಿಲು ತೆಗೆದ ದಿನ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ದೆ. ಮದುವೆ ಆಗ್ತೀರಾ ಅಂತ."

"ಇನ್ನೂ ಮೂವತ್ತಾರು ದಿನ ಇದೆ."

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋದೇನಿದೆ? ಆಗ್ತೀನಿ."

ಗಾಳಿ ಅಳೆಯುವ ಮೀಟರಿನ ಗೆರೆ ಏರದೆ ನೆಟ್ಟಗಿತ್ತು. ದೀಪದ ಕಾವಿಗೆ ಕೆನ್ನೆ ಬೆವರಿತು. ಕೈ ಎತ್ತಿ ಒರೆಸಿಕೊಳ್ಳಲು ಹೋದೆ.

"ಅಲುಗಾಡಬೇಡಿ," ಎಂದಳು. "ಇನ್ನೂ ನೋಡಿ ಮುಗಿದಿಲ್ಲ."